ಕಾಡಿನಲ್ಲಿ ಕೇಳಿಸಿಕೊಳ್ಳುವವರು ಯಾರು?

ಎಲ್ಲರಿಗೂ ನಮಸ್ಕಾರ.

ಪ್ರಾಣಿಗಳು ಒಂದರೊಡನೊಂದು ಹೇಗೆ ವಿಷಯ ತಿಳಿಸಿಕೊಳ್ಳುತ್ತವೆ ಎನ್ನುವುದು ಇವತ್ತಿನ ಮಾತು. ಈ ವಿಷಯ ಎತ್ತಿದ ಕೂಡಲೇ ನಾವೆಲ್ಲ ಕೂಗುವ ಪ್ರಾಣಿಯ ಕಡೆಗೇ ನೋಡುತ್ತೇವೆ. ಕೋಗಿಲೆ ಏನು ಹೇಳಿತು, ನಾಯಿ ಯಾಕೆ ಬೊಗಳಿತು, ಹೀಗೆ. ನಾನು ಇವತ್ತು ಈ ಕಥೆಯನ್ನು ಇನ್ನೊಂದು ತುದಿಯಿಂದ ಹೇಳುತ್ತೇನೆ, ಕೇಳಿಸಿಕೊಳ್ಳುವ ಪ್ರಾಣಿಯ ಕಡೆಯಿಂದ. ಯಾವ ಕೂಗನ್ನೇ ತೆಗೆದುಕೊಳ್ಳಿ, ಅದನ್ನು ಕೇಳುತ್ತಿರುವವರು ಯಾರು ಯಾರು ಎಂದು ಲೆಕ್ಕ ಹಾಕದೆ ಅದರ ಅರ್ಥ ನಮಗೆ ಸಿಗುವುದಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

ಬಂಡೀಪುರಕ್ಕೋ ನಾಗರಹೊಳೆಗೋ ಸಫಾರಿಗೆ ಹೋದವರು ಇದನ್ನು ಗಮನಿಸಿರುತ್ತೀರಿ. ಅನುಭವ ಇರುವ ಡ್ರೈವರ್ ಹುಲಿಯನ್ನು ಕಣ್ಣಲ್ಲಿ ಹುಡುಕುವುದಿಲ್ಲ. ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕಿವಿಗೊಟ್ಟು ಕೂರುತ್ತಾರೆ. ಆಮೇಲೆ ‘ಕಾಲ್ ಬರ್ತಿದೆ’ ಎಂದು ಒಂದು ದಿಕ್ಕಿಗೆ ಗಾಡಿ ತಿರುಗಿಸುತ್ತಾರೆ. ದೂರದಲ್ಲಿ ಜಿಂಕೆ ಕೂಗಿರುತ್ತದೆ, ಇಲ್ಲವೇ ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಗದರಿರುತ್ತದೆ. ಕಡವೆ ಕೂಗಿದರಂತೂ ಅವರ ಮುಖವೇ ಬದಲಾಗುತ್ತದೆ. ಕಡವೆ ಸುಮ್ಸುಮ್ನೆ ಕೂಗುವುದಿಲ್ಲ ಎಂದು ಅವರಿಗೆ ಗೊತ್ತು.

ಈಗ ಯೋಚಿಸಿ. ಆ ಜಿಂಕೆ ಯಾರಿಗಾಗಿ ಕೂಗಿತು? ತನ್ನ ಹಿಂಡಿಗೆ ಎನ್ನುತ್ತೀರಿ, ಸರಿ. ಆದರೆ ಮೇಲೆ ಕೊಂಬೆಯಲ್ಲಿರುವ ಮುಸುವವೂ ಅದನ್ನು ಕೇಳಿತು. ಪೊದೆಯಲ್ಲಿ ಹೊಂಚು ಹಾಕಿದ್ದ ಹುಲಿಯೂ ಕೇಳಿತು. ಜೀಪಿನಲ್ಲಿ ಕೂತ ನೀವೂ ಕೇಳಿದಿರಿ. ಒಂದೇ ಕೂಗು, ನಾಲ್ಕು ಕಡೆ ನಾಲ್ಕು ಅರ್ಥ.

ಜಿಂಕೆ ಮತ್ತು ಮುಸುವಗಳ ಒಡನಾಟ ನಮ್ಮ ಕಾಡುಗಳಲ್ಲಿ ಬಹಳ ಹಳೆಯದು. ಮುಸುವಗಳು ಮರದ ಮೇಲೆ ಕೂತು ಎಲೆ, ಕಾಯಿ, ಹೂವನ್ನು ಅರ್ಧ ತಿಂದು ಅರ್ಧ ಕೆಳಗೆ ಬಿಸಾಡುತ್ತವೆ. ಜಿಂಕೆಗಳು ಕೆಳಗೆ ನಿಂತು ಅದನ್ನು ತಿನ್ನುತ್ತವೆ. ಮುಸುವಕ್ಕೆ ಎತ್ತರದಿಂದ ದೂರದ್ದು ಕಾಣುತ್ತದೆ. ಜಿಂಕೆಗೆ ನೆಲದ ಮಟ್ಟದ ವಾಸನೆ, ಸದ್ದು ಚೆನ್ನಾಗಿ ತಿಳಿಯುತ್ತದೆ. ಒಬ್ಬರ ಕೂಗು ಇನ್ನೊಬ್ಬರಿಗೂ ಎಚ್ಚರಿಕೆ. ಇದನ್ನು ಕೂಗಿದವರ ದೊಡ್ಡತನ ಎಂದುಕೊಳ್ಳಬೇಕಾಗಿಲ್ಲ. ಕೇಳಿಸಿಕೊಂಡವರು ಕಲಿತರು, ಬದುಕಿದರು. ಅಷ್ಟು ಸಾಕು.

ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಕಾಡುಗಳಲ್ಲಿ ನಮ್ಮ ಮಾಮೂಲಿ ಕೋತಿಗಳಿಗೆ ಬೇರೆ ಪ್ರಾಣಿಗಳ ಎಚ್ಚರಿಕೆ ಕೂಗನ್ನು ಸ್ಪೀಕರಿನಲ್ಲಿ ಕೇಳಿಸಿದರು. ಮುಸುವದ ಕೂಗು, ಕಡವೆಯ ಕೂಗು. ಸುತ್ತಮುತ್ತ ಚಿರತೆ ಇಲ್ಲ, ಕಡವೆಯೂ ಇಲ್ಲ. ಇದ್ದದ್ದು ಬರೀ ಸದ್ದು. ಆದರೂ ಕೋತಿಗಳು ಓಟ ಕಿತ್ತವು. 2000ದಲ್ಲಿ ಪ್ರಕಟವಾದ ಕೆಲಸ ಇದು. ಕೋತಿಗೆ ಕಡವೆಯ ಭಾಷೆ ಯಾರೂ ಹೇಳಿಕೊಡಲಿಲ್ಲ, ಅಲ್ವಾ? ಆದರೂ ಅದಕ್ಕೆ ಬೇಕಾದಷ್ಟು ಅರ್ಥವಾಗುತ್ತದೆ.

ಎಚ್ಚರಿಕೆ ಕೂಗಿನ ಬಗ್ಗೆ ಮಾತಾಡುವಾಗ ಕೀನ್ಯಾದ ವರ್ವೆಟ್ ಕೋತಿಗಳನ್ನು ಬಿಡಲಾಗದು. ಚಿರತೆಗೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು. 1967ರಲ್ಲಿ ಥಾಮಸ್ ಸ್ಟ್ರೂಸೇಕರ್ ಇದನ್ನು ಮೊದಲು ವಿವರಿಸಿದರು. 1980ರಲ್ಲಿ ರಾಬರ್ಟ್ ಸೇಫರ್ತ್, ಡೊರೊತಿ ಚೆನಿ ಮತ್ತು ಪೀಟರ್ ಮಾರ್ಲರ್ ಅಂಬೊಸೇಲಿಯಲ್ಲಿ ಆ ಕೂಗುಗಳನ್ನು ರೆಕಾರ್ಡ್ ಮಾಡಿ ಮತ್ತೆ ಕೇಳಿಸಿದರು. ಚಿರತೆಯ ಕೂಗು ಬಂದರೆ ಕೋತಿಗಳು ಮರ ಹತ್ತಿದವು. ಹದ್ದಿನ ಕೂಗಿಗೆ ಮೇಲೆ ನೋಡಿದವು, ಪೊದೆಗೆ ನುಗ್ಗಿದವು. ಹಾವಿನ ಕೂಗಿಗೆ ಹಿಂಗಾಲಲ್ಲಿ ನಿಂತು ನೆಲ ನೋಡಿದವು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಮರಿಗಳದ್ದು. ಮರಿಗಳು ಹದ್ದಿನ ಕೂಗನ್ನು ನಿರುಪದ್ರವಿ ಹಕ್ಕಿಗಳಿಗೂ ಕೂಗಿಬಿಡುತ್ತವೆ. ಬೀಳುವ ಎಲೆ ಕಂಡು ಕೂಗಿದ್ದೂ ಉಂಟು. ದೊಡ್ಡವರು ಒಮ್ಮೆ ಮೇಲೆ ನೋಡಿ, ಅಪಾಯ ಇಲ್ಲದಿದ್ದರೆ ಮತ್ತೆ ಮೇಯಲು ಶುರು ಮಾಡುತ್ತಾರೆ. ನಿಜವಾಗಲೂ ಹದ್ದೇ ಆಗಿದ್ದರೆ ಅವರೂ ಕೂಗುತ್ತಾರೆ. ಬೆಳೆಯುತ್ತಾ ಮರಿಯ ಕೂಗು ಸರಿಯಾದ ಹಕ್ಕಿಗೆ ಮಾತ್ರ ಮೀಸಲಾಗುತ್ತದೆ.

ಹೊಂಚು ಹಾಕಿದ ಹುಲಿಯೂ ಕೇಳಿತು ಎಂದೆನಲ್ಲ, ಆ ವಿಷಯಕ್ಕೆ ಬರುತ್ತೇನೆ. ಹುಲಿ, ಚಿರತೆ ಬೇಟೆಯಾಡುವುದು ಕದ್ದು ಹತ್ತಿರ ಬಂದು. ಕಂಡುಬಿಟ್ಟರೆ ಅರ್ಧ ಆಟ ಮುಗಿದ ಹಾಗೆ. ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ತಾಯ್ ಎನ್ನುವ ಮಳೆಕಾಡಿದೆ. ಅಲ್ಲಿ ಕ್ಲಾಸ್ ಜುಬರ್‌ಬ್ಯೂಲರ್ ಮತ್ತು ಜೊತೆಗಾರರು ರೇಡಿಯೋ ಕಾಲರ್ ತೊಡಿಸಿದ ಚಿರತೆಯ ಓಡಾಟವನ್ನು ಹಿಂಬಾಲಿಸಿದರು. ಕೋತಿಗಳು ಕಂಡು ಕೂಗಿದ ಮೇಲೆ ಚಿರತೆ ಅಲ್ಲಿ ಕಾಯುವುದನ್ನು ಬಿಟ್ಟು ಬೇರೆ ಕಡೆ ಹೋಗುತ್ತಿತ್ತು. ಅಂದರೆ ಆ ಕೂಗು ಚಿರತೆಗೂ ಹೇಳಿದ ಮಾತು: ನೀನು ನಮ್ಮ ಕಣ್ಣಿಗೆ ಬಿದ್ದೆ, ಇನ್ನು ಇಲ್ಲಿ ಕೂತು ಪ್ರಯೋಜನವಿಲ್ಲ. ಅದೇ ಕಾಡಿನಲ್ಲಿ ಚಿಂಪಾಂಜಿಗಳೂ ಕೋತಿಗಳನ್ನು ಹಿಡಿದು ತಿನ್ನುತ್ತವೆ. ಚಿಂಪಾಂಜಿ ಮರ ಹತ್ತಿ ಅಟ್ಟಿಸಿಕೊಂಡು ಬರುವ ಪ್ರಾಣಿ. ಕಂಡರೂ ಬಿಡುವುದಿಲ್ಲ. ಅದಕ್ಕೇ ಚಿಂಪಾಂಜಿ ಬಂದಾಗ ಅದೇ ಕೋತಿಗಳು ಕೂಗುವುದಿಲ್ಲ, ಸದ್ದಿಲ್ಲದೆ ಎಲೆಗಳ ಮರೆಗೆ ಸರಿಯುತ್ತವೆ. ಕೇಳುವವನು ಬದಲಾದ, ಮಾತೂ ನಿಂತಿತು.

ಇಷ್ಟೆಲ್ಲ ಜನ ಕೇಳಿಸಿಕೊಳ್ಳುತ್ತಾರೆ ಎಂದ ಮೇಲೆ ಸುಳ್ಳು ಹೇಳುವವರೂ ಇರಲೇಬೇಕು. ನಮ್ಮ ಊರುಗಳ ತಂತಿ ಮೇಲೆ ಕೂರುವ ಕಾಜಾಣದ ಸಂಬಂಧಿಯೊಂದು ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿದೆ. ಅದು ಮುಂಗುಸಿ ಜಾತಿಯ ಮೀರ್‌ಕ್ಯಾಟ್ ಎನ್ನುವ ಪ್ರಾಣಿಗಳ ಗುಂಪಿನ ಹತ್ತಿರ ಕೂತು, ಗಿಡುಗ ಬಂದರೆ ನಿಜವಾಗಿಯೇ ಎಚ್ಚರಿಸುತ್ತದೆ. ಮೀರ್‌ಕ್ಯಾಟ್‌ಗಳು ಅದನ್ನು ನಂಬಿ ಬಿಲಕ್ಕೆ ಓಡುತ್ತವೆ. ನಂಬಿಕೆ ಬಂದ ಮೇಲೆ ಒಂದು ದಿನ, ಮೀರ್‌ಕ್ಯಾಟ್ ಕೊಬ್ಬಿದ ಹುಳವೊಂದನ್ನು ಅಗೆದು ತೆಗೆದ ಹೊತ್ತಿಗೆ, ಕಾಜಾಣ ಸುಳ್ಳೇ ಕೂಗುತ್ತದೆ. ಮೀರ್‌ಕ್ಯಾಟ್ ಹುಳ ಬಿಟ್ಟು ಓಡುತ್ತದೆ, ಕಾಜಾಣ ಇಳಿದು ಎತ್ತಿಕೊಳ್ಳುತ್ತದೆ. ಒಂದೇ ಕೂಗನ್ನು ಮತ್ತೆ ಮತ್ತೆ ಕೂಗಿದರೆ ಯಾರೂ ಓಡುವುದಿಲ್ಲ. ಆಗ ಅದು ಕೂಗು ಬದಲಿಸುತ್ತದೆ. ಬೇರೆ ಹಕ್ಕಿಯ ಎಚ್ಚರಿಕೆಯನ್ನೋ, ಮೀರ್‌ಕ್ಯಾಟ್‌ನದೇ ಎಚ್ಚರಿಕೆಯನ್ನೋ ಅನುಕರಿಸುತ್ತದೆ. ಟಾಮ್ ಫ್ಲವರ್ ಮತ್ತು ಜೊತೆಗಾರರು 2014ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಹೆಚ್ಚಿನ ಸಲ ನಿಜ ಹೇಳುವುದರಿಂದಲೇ ಈ ಸುಳ್ಳು ನಡೆಯುತ್ತದೆ ಎನ್ನುವುದು ಇಲ್ಲಿ ಮುಖ್ಯ. ಕೇಳುವವರು ಪೂರ್ತಿ ಕಿವಿ ಮುಚ್ಚಿದರೆ ಕಾಜಾಣಕ್ಕೂ ಊಟವಿಲ್ಲ.

ಮಲೆನಾಡಿನವರಿಗೆ ಭೀಮರಾಜ ಗೊತ್ತಿರುತ್ತದೆ. ಬಾಲದ ತುದಿಯಲ್ಲಿ ಎರಡು ಉದ್ದನೆಯ ಗರಿ ಇರುವ ಕಾಜಾಣ. ಅದೂ ಅನುಕರಣೆಯಲ್ಲಿ ಎತ್ತಿದ ಕೈ. ಬೇರೆ ಬೇರೆ ಜಾತಿಯ ಹಕ್ಕಿಗಳು ಗುಂಪಾಗಿ ಹುಳ ಹುಡುಕುತ್ತಾ ಸಾಗುವಾಗ ಭೀಮರಾಜ ಆ ಗುಂಪಿನಲ್ಲಿ ಇರುವುದು ಸಾಮಾನ್ಯ. ಆ ಹಕ್ಕಿಗಳ ಕೂಗನ್ನೇ ಕೂಗಿ ಗುಂಪನ್ನು ಹತ್ತಿರ ಸೇರಿಸಿಕೊಳ್ಳುತ್ತದೆ ಎಂದು ಶ್ರೀಲಂಕಾದ ಕಾಡಿನಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ.

ಇನ್ನು ರಾತ್ರಿಯ ಕಡೆ ಬರೋಣ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ನಮ್ಮ ಸುತ್ತಲೇ ನಡೆಯುವ ಇಂಥ ಸಂಗತಿಗಳು ನಮಗೇ ಗೊತ್ತಿಲ್ಲ ಎನ್ನುವುದು ನನಗೆ ಸಂಕಟದ ವಿಷಯ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಅವರ ತಂಡ ವರ್ಷಗಟ್ಟಲೆ ಚಿಮ್ಮಂಡೆ, ಮಿಡತೆಗಳ ಸದ್ದಿನ ಮೇಲೆ ಕೆಲಸ ಮಾಡಿದೆ. ಚಿಕ್ಕಬಳ್ಳಾಪುರದ ಕಡೆಯ ಬಯಲಿನ ಪೊದೆಗಳಲ್ಲಿ ಒಂದು ಪುಟ್ಟ ಚಿಮ್ಮಂಡೆ ಇದೆ. ಹೆಸರು ಓಕ್ಯಾಂಥಸ್ ಹೆನ್ರಿಯೈ. ಗಂಡು ಮಾತ್ರ ಹಾಡುತ್ತದೆ, ರೆಕ್ಕೆಗೆ ರೆಕ್ಕೆ ಉಜ್ಜಿ. ಹೆಣ್ಣು ಸದ್ದು ಕೇಳಿಕೊಂಡು ಕತ್ತಲಲ್ಲಿ ಹುಡುಕಿ ಬರುತ್ತದೆ. ಜೋರಾಗಿ ಹಾಡುವ ಗಂಡು ಅದಕ್ಕೆ ಇಷ್ಟ. ಹಾಗಾದರೆ ಸಣ್ಣ ಮೈಯ, ಮೆಲುದನಿಯ ಗಂಡು ಏನು ಮಾಡಬೇಕು?

ಅದು ಒಂದು ಎಲೆ ಆರಿಸುತ್ತದೆ. ಎಲೆಯ ಮಧ್ಯದಲ್ಲಿ ತನ್ನ ರೆಕ್ಕೆಯ ಅಳತೆಗೆ ತೂತು ಕೊರೆಯುತ್ತದೆ. ಆ ತೂತಿನಲ್ಲಿ ತಲೆ, ರೆಕ್ಕೆ ತೂರಿಸಿ ನಿಂತು ಹಾಡುತ್ತದೆ. ಸದ್ದು ದೊಡ್ಡದಾಗುತ್ತದೆ. ಇದರ ಗುಟ್ಟು ಹೀಗಿದೆ. ರೆಕ್ಕೆ ಅದುರುವಾಗ ಅದರ ಮುಂದೆ ಹುಟ್ಟುವ ಸದ್ದಿನ ಅಲೆಯೂ ಹಿಂದೆ ಹುಟ್ಟುವ ಅಲೆಯೂ ಒಂದಕ್ಕೊಂದು ಉಲ್ಟಾ. ರೆಕ್ಕೆ ಚಿಕ್ಕದಾದ್ದರಿಂದ ಅಂಚಿನಲ್ಲಿ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಸುತ್ತ ಎಲೆ ಇದ್ದರೆ ಅವು ಸೇರಲು ಆಗುವುದಿಲ್ಲ. ಬಿಡಿ ಸ್ಪೀಕರನ್ನು ಮರದ ಡಬ್ಬಿಯಲ್ಲಿ ಕೂರಿಸಿದರೆ ಸದ್ದು ತುಂಬಿ ಬರುತ್ತದಲ್ಲ, ಅದೇ ಲೆಕ್ಕ. ದೊಡ್ಡ ಎಲೆ, ಸರಿಯಾದ ಅಳತೆಯ ತೂತು, ಅದೂ ನಡುವೆ ಇರಬೇಕು. ಈ ಮೂರನ್ನೂ ಹುಳ ಸರಿಯಾಗಿ ಆರಿಸುತ್ತದೆ ಎಂದು 2017ರಲ್ಲಿ ನತಾಶಾ ಮ್ಹಾತ್ರೆ ಮತ್ತು ಜೊತೆಗಾರರು ತೋರಿಸಿದರು. ಆಫ್ರಿಕಾದ ಇದೇ ಕುಲದ ಇನ್ನೊಂದು ಹುಳ ಹೀಗೆ ಮಾಡುತ್ತದೆ ಎಂದು 1975ರಲ್ಲೇ ವರದಿಯಾಗಿತ್ತು. ಆದರೆ ಯಾರು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎನ್ನುವುದನ್ನು ಬಿಡಿಸಿದ್ದು ನಮ್ಮ ಬಯಲಿನ ಈ ಹುಳದ ಮೇಲಿನ ಕೆಲಸ. ರಿತ್ತಿಕ್ ದೇಬ್, ಸಂಬಿತಾ ಮೋದಕ್ ಮತ್ತು ರೋಹಿಣಿಯವರು 2020ರ ಹೊತ್ತಿಗೆ ಕಂಡುಕೊಂಡಿದ್ದು ಇದು: ಎಲೆಯ ಮೊರೆ ಹೋಗುವವು ಹೆಚ್ಚಾಗಿ ಸಣ್ಣ, ಮೆಲುದನಿಯ ಗಂಡುಗಳೇ. ಎಲೆ ಬಳಸಿದರೆ ಅವುಗಳ ಬಳಿಗೂ ಹೆಚ್ಚು ಹೆಣ್ಣುಗಳು ಬರುತ್ತವೆ, ಜೊತೆಯಲ್ಲಿ ಇರುವ ಹೊತ್ತೂ ಹೆಚ್ಚುತ್ತದೆ. ದೊಡ್ಡ ದನಿಯ ಗಂಡಿಗೆ ಈ ಕಷ್ಟ ಬೇಕಿಲ್ಲ.

ಇಷ್ಟು ಜೋರಾಗಿ ಕೂಗಿದರೆ ಬೇಡದವರಿಗೂ ಕೇಳಿಸುತ್ತದೆ. ಪನಾಮದಲ್ಲಿ ತುಂಗಾರ ಎನ್ನುವ ಪುಟ್ಟ ಕಪ್ಪೆ ಇದೆ. ಗಂಡು ಉದ್ದನೆಯ ಒಂದು ಸ್ವರ ಎಳೆದು, ಕೊನೆಗೆ ‘ಚಕ್’ ಎನ್ನುವ ಸದ್ದು ಸೇರಿಸುತ್ತದೆ. ಚಕ್ ಸೇರಿಸಿದರೆ ಹೆಣ್ಣಿಗೆ ಇನ್ನೂ ಇಷ್ಟ. ಕಪ್ಪೆ ತಿನ್ನುವ ಬಾವಲಿಗೂ ಇಷ್ಟ! ಮರ್ಲಿನ್ ಟಟಲ್ ಮತ್ತು ಮೈಕೆಲ್ ರಯಾನ್ 1980ರ ದಶಕದ ಆರಂಭದಲ್ಲಿ ಇದನ್ನು ತೋರಿಸಿದರು. ಒಬ್ಬನೇ ಇರುವಾಗ ಗಂಡು ಚಕ್ ಸೇರಿಸುವುದು ಕಡಿಮೆ. ಸುತ್ತ ಪೈಪೋಟಿ ಇದ್ದರೆ ಸೇರಿಸಲೇಬೇಕಾಗುತ್ತದೆ.

ಈ ಕಪ್ಪೆಯ ಕಥೆ ಪಠ್ಯಪುಸ್ತಕಗಳಿಗೂ ಬಂದಿದೆ. ಹಾಗಾಗಿ ಹಾಡುವವನಿಗೇ ಅಪಾಯ, ಕೇಳುವವಳು ಸುರಕ್ಷಿತ ಎನ್ನುವುದು ಎಷ್ಟೋ ಕಾಲ ಎಲ್ಲರ ಅಂದಾಜಾಗಿತ್ತು. ನಮ್ಮ ಪಶ್ಚಿಮ ಘಟ್ಟದಿಂದ ಬಂದ ಉತ್ತರ ಬೇರೆಯೇ ಆಗಿತ್ತು. ಇಲ್ಲಿ ಎಲೆಯಂಥ ರೆಕ್ಕೆಯ ದೊಡ್ಡ ಮಿಡತೆಗಳನ್ನು ಹಿಡಿದು ತಿನ್ನುವ ಒಂದು ಬಾವಲಿ ಇದೆ. ಬೇಟೆಯನ್ನು ತನ್ನ ತಂಗುದಾಣಕ್ಕೆ ಹೊತ್ತು ತಂದು, ರೆಕ್ಕೆ ಕಿತ್ತು ಬಿಸಾಡಿ, ಉಳಿದದ್ದು ತಿನ್ನುತ್ತದೆ. ಕೆಳಗೆ ಬಿದ್ದ ರೆಕ್ಕೆ ನೋಡಿದರೆ ಅದು ಗಂಡಿನದೋ ಹೆಣ್ಣಿನದೋ ಗೊತ್ತಾಗುತ್ತದೆ. ವಿಜ್ಞಾನಿಗಳು ಆ ರೆಕ್ಕೆಗಳನ್ನು ಎಣಿಸಿದರು. ಹೆಣ್ಣಿನವೇ ಜಾಸ್ತಿ! ಹಾಡುವ ಗಂಡು ಒಂದೇ ಕಡೆ ಕೂತಿರುತ್ತದೆ. ಹಾಡು ಕೇಳಿದ ಹೆಣ್ಣು ಮರದಿಂದ ಮರಕ್ಕೆ ಹಾರಿ ಬರಬೇಕು. ಹಾರುವ ಹುಳವನ್ನು ಬಾವಲಿ ತನ್ನ ಪ್ರತಿಧ್ವನಿಯಲ್ಲಿ ಸುಲಭವಾಗಿ ಹಿಡಿಯುತ್ತದೆ. 2015ರಲ್ಲಿ ಪ್ರಕಟವಾದ ಈ ಕೆಲಸ ನನ್ನ ಯೋಚನೆಯನ್ನೇ ತಿರುಗಿಸಿತು. ಕೂಗಿಗೆ ಬೆಲೆ ಇದೆ ಎಂದು ನಾವು ಸದಾ ಹೇಳುತ್ತೇವೆ. ಕೂಗಿಗೆ ಓಗೊಟ್ಟು ಹೋಗುವುದಕ್ಕೂ ಅಷ್ಟೇ ಬೆಲೆ ಇದೆ, ಕೆಲವೊಮ್ಮೆ ಹೆಚ್ಚೇ.

ಕೂಗಿದರೂ ಕೇಳಿಸದ ಜಾಗದಲ್ಲಿ ಇರುವವರ ಪಾಡೇನು? ಘಟ್ಟದ ತೊರೆಗಳ ಪಕ್ಕ ನಿಂತರೆ ನಮ್ಮ ಮಾತೇ ನಮಗೆ ಕೇಳಿಸುವುದಿಲ್ಲ. ಅಂಥ ಕಡೆ ಒದ್ದೆ ಬಂಡೆಗಳ ಮೇಲೆ ಹೆಬ್ಬೆರಳಿನಷ್ಟು ಉದ್ದದ ಕಪ್ಪೆಗಳು ಇರುತ್ತವೆ. ಗಂಡು ಕಪ್ಪೆ ಕೂಗುತ್ತದೆ, ಜೊತೆಗೆ ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಬಿಳಿ ಜಾಲಪೊರೆಯನ್ನು ಅಗಲಿಸಿ ತೋರಿಸುತ್ತದೆ. ಒಂದು ಕಾಲು, ಆಮೇಲೆ ಇನ್ನೊಂದು. ಅದಕ್ಕೇ ಇವು ಕುಣಿಯುವ ಕಪ್ಪೆಗಳು. ಇವುಗಳಲ್ಲಿ ಒಂದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರಿದೆ. ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್, 1937ರಲ್ಲಿ. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಈ ಮೇಷ್ಟ್ರನ್ನು ನಾವು ಇನ್ನೂ ಜಾಸ್ತಿ ನೆನೆಯಬೇಕು.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಡೊರಿಸ್ ಪ್ರೈನಿಂಗರ್, ಕೆ. ವಿ. ಗುರುರಾಜ ಮೊದಲಾದವರು ಈ ಕುಲದ ಕಪ್ಪೆಗಳನ್ನು ಗಮನಿಸಿದರು. ಮೊದಲು ಕೂಗು ಬರುತ್ತದೆ, ಆಮೇಲೆ ಕಾಲಿನ ಆಟ. ಕಾಲು ತೋರಿಸುವುದು ಮುಖ್ಯವಾಗಿ ಇನ್ನೊಂದು ಗಂಡಿಗೆ: ಈ ಬಂಡೆ ನನ್ನದು, ದೂರ ಇರು ಎಂದು. ಹತ್ತಿರ ಬಂದರೆ ಒದೆಯೂ ಬೀಳುತ್ತದೆ. ಆ ಒದೆಯೇ ಕಾಲಾಂತರದಲ್ಲಿ ದೂರದಿಂದ ತೋರಿಸುವ ಸನ್ನೆಯಾಗಿರಬಹುದು ಎನ್ನುವುದು ಅವರ ಊಹೆ. ನನಗೆ ಈ ಊಹೆ ತುಂಬ ಒಪ್ಪಿಗೆಯಾಗುತ್ತದೆ.

ಜೇನಿನ ಕುಣಿತದ ಬಗ್ಗೆ ನೀವೆಲ್ಲ ಓದಿರುತ್ತೀರಿ, ಅದಕ್ಕೆ ಮೂಲ ಕಥೆ ಬೇಗ ಹೇಳಿಬಿಡುತ್ತೇನೆ. ಹೂವು ಕಂಡು ಬಂದ ನೊಣ ಎರಿಯ ಮೇಲೆ ಹೊಟ್ಟೆ ಅಲ್ಲಾಡಿಸುತ್ತಾ ನೇರವಾಗಿ ಸ್ವಲ್ಪ ದೂರ ಓಡುತ್ತದೆ, ಸುತ್ತಿ ಬಂದು ಮತ್ತೆ ಓಡುತ್ತದೆ. ನೆಟ್ಟಗೆ ಮೇಲಕ್ಕೆ ಓಡಿದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ ಎಂದು ಅರ್ಥ. ಓರೆಯಾಗಿ ಓಡಿದರೆ ಸೂರ್ಯನಿಂದ ಅಷ್ಟೇ ಓರೆಯಲ್ಲಿದೆ. ಎಷ್ಟು ಹೊತ್ತು ಅಲ್ಲಾಡಿಸಿತೋ ಹೂವು ಅಷ್ಟು ದೂರ. ಇದನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ನಮ್ಮ ಕಡೆಯ ಜೇನುಗಳನ್ನು ನೋಡಿದರು. ತುಡುವೆ ಪೊಟರೆಯ ಕತ್ತಲಲ್ಲಿ ಕುಣಿಯುತ್ತದೆ. ಹೆಜ್ಜೇನು ಬಯಲಲ್ಲಿ ತೂಗುವ ಎರಿಯ ಮೈಮೇಲೆ ಕುಣಿಯುತ್ತದೆ. ಕೋಲುಜೇನು ಎರಿಯ ನೆತ್ತಿಯಲ್ಲಿರುವ ಮಟ್ಟಸ ಜಾಗದಲ್ಲಿ ಕುಣಿಯುತ್ತದೆ, ನೇರವಾಗಿ ಹೂವಿನ ಕಡೆಗೇ ಮುಖ ಮಾಡಿ.

ಬೆಂಗಳೂರಿನ ಎನ್‌ಸಿಬಿಎಸ್ ಎನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆಕ್ಸೆಲ್ ಬ್ರಾಕ್‌ಮನ್, ಜರ್ಮನಿಯ ಪ್ಯಾಟ್ರಿಕ್ ಕೋಲ್ ಮತ್ತು ಜೊತೆಗಾರರು ದಕ್ಷಿಣ ಭಾರತದಲ್ಲಿ ಈ ಮೂರನ್ನೂ ಹೋಲಿಸಿ 2020ರಲ್ಲಿ ಬರೆದರು. ಸಕ್ಕರೆ ನೀರಿನ ಬಟ್ಟಲನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತಾ ಹೋಗಿ, ಕುಣಿತ ಎಷ್ಟು ಉದ್ದವಾಗುತ್ತದೆ ಎಂದು ಅಳೆದರು. ತುಡುವೆಯ ಕುಣಿತ ದೂರದ ಜೊತೆಗೆ ಬೇಗ ಬೇಗ ಉದ್ದವಾಗುತ್ತದೆ. ಹೆಜ್ಜೇನಿನದು ನಿಧಾನವಾಗಿ. ಕೋಲುಜೇನು ನಡುವೆ. ಯಾಕೆ? ತುಡುವೆ ಮೇಯುವುದು ಹತ್ತಿರದಲ್ಲೇ. ಹಾಗಾಗಿ ಸಣ್ಣ ಸಣ್ಣ ಅಂತರವನ್ನೂ ಬಿಡಿಸಿ ಹೇಳಿದರೆ ಕೇಳುವವರಿಗೆ ಲಾಭ. ಹೆಜ್ಜೇನು ಬಲು ದೂರ ಹೋಗಿ ಬರುವ ಜಾತಿ. ಅದು ತುಡುವೆಯ ಲೆಕ್ಕದಲ್ಲಿ ಹೇಳಲು ಹೋದರೆ ಕುಣಿದು ಮುಗಿಯುವುದೇ ಇಲ್ಲ. ಯಾರಿಗೆ ಎಷ್ಟು ವಿವರ ಬೇಕೋ ಭಾಷೆ ಅಷ್ಟಕ್ಕೆ ಹೊಂದಿಕೊಂಡಿದೆ.

ಗೂಡಿನಲ್ಲಿ ಕೇಳುವವರು ಸುಮ್ಮನೆ ತಲೆಯಾಡಿಸುವವರೂ ಅಲ್ಲ. ಅನುಭವಿ ನೊಣಗಳು ಬೇರೆಯವರ ಕುಣಿತ ನೋಡಿದ ಮೇಲೂ, ಬಹಳಷ್ಟು ಸಲ ತಮಗೆ ಮೊದಲೇ ಗೊತ್ತಿರುವ ಹೂವಿಗೇ ಹೋಗುತ್ತವೆ. ಇನ್ನೂ ಒಂದು ಸಂಗತಿ ಇದೆ. ಹೂವಿನ ಬಳಿ ಅಪಾಯ ಎದುರಿಸಿ ಬಂದ ನೊಣ, ಅದೇ ಜಾಗವನ್ನು ಹೊಗಳಿ ಕುಣಿಯುತ್ತಿರುವ ನೊಣಕ್ಕೆ ತಲೆಯಿಂದ ಗುದ್ದಿ ಕಿರಿದಾದ ಒಂದು ಸದ್ದು ಮಾಡುತ್ತದೆ. ಕುಣಿತ ನಿಲ್ಲುತ್ತದೆ. 2010ರಲ್ಲಿ ಜೇಮ್ಸ್ ನೀ ಇದನ್ನು ತೋರಿಸಿದರು. ಬೇಡ, ಅಲ್ಲಿಗೆ ಕಳಿಸಬೇಡ ಎಂದು ಹೇಳುವ ವ್ಯವಸ್ಥೆ ಒಂದು ಜೇನುಗೂಡಿನಲ್ಲಿದೆ!

ಹೆಜ್ಜೇನಿನ ಗೂಡನ್ನು ನೀವು ನೀರಿನ ಟ್ಯಾಂಕಿನ ಕೆಳಗೋ ಎತ್ತರದ ಕಟ್ಟಡದ ಸಜ್ಜಾದಡಿಯೋ ನೋಡಿರುತ್ತೀರಿ. ಕಡಜ ಹತ್ತಿರ ಹಾರಿದಾಗ ಗೂಡಿನ ಮೇಲೆ ಕಪ್ಪು ಅಲೆ ಓಡಿದಂತೆ ಕಾಣುತ್ತದೆ. ಸಾಲು ಸಾಲಾಗಿ ನೊಣಗಳು ಹೊಟ್ಟೆ ಎತ್ತಿ ಇಳಿಸುವುದರಿಂದ ಆಗುವ ಅಲೆ ಅದು. ಒಂದು ಸೆಕೆಂಡಿನೊಳಗೆ ಇಡೀ ಗೂಡಿಗೆ ಹಬ್ಬುತ್ತದೆ. ಕಡಜ ಹಿಂದೆ ಸರಿಯುತ್ತದೆ. ಇಲ್ಲಿ ಒಂದೇ ಅಲೆ ಗೂಡಿನವರಿಗೂ ಸುದ್ದಿ, ಕಡಜಕ್ಕೂ ಬೆದರಿಕೆ. ಜಿಂಕೆಯ ಕೂಗಿನ ವಿಷಯವೇ ಮತ್ತೆ ಬಂತು ನೋಡಿ.

ವಾಸನೆಯ ಮಾತು ನಮ್ಮಂಥ ಮೂಗಿನವರಿಗೆ ದಕ್ಕುವುದು ಕಷ್ಟ. ಎರಡೇ ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಬೆದೆಗೆ ಬಂದ ಏಷ್ಯಾದ ಹೆಣ್ಣಾನೆಯ ಮೂತ್ರದಲ್ಲಿ ಒಂದು ರಾಸಾಯನಿಕ ಇರುತ್ತದೆ. ಗಂಡಾನೆ ಸೊಂಡಿಲ ತುದಿಯಿಂದ ಅದನ್ನು ಮುಟ್ಟಿ ಬಾಯೊಳಗೆ ಇಟ್ಟು ಪರೀಕ್ಷಿಸುತ್ತದೆ. ಬೆಟ್ಸ್ ರಾಸ್ಮುಸೆನ್ ತಂಡ 1996ರಲ್ಲಿ ಅದು ಯಾವ ರಾಸಾಯನಿಕ ಎಂದು ಗುರುತಿಸಿತು. ಹಲವು ಜಾತಿಯ ಹೆಣ್ಣು ಪತಂಗಗಳು ಗಂಡನ್ನು ಕರೆಯಲು ಬಿಡುವ ವಾಸನೆಯೂ ಅದೇ. ಆನೆಗೂ ಪತಂಗಕ್ಕೂ ಒಂದೇ ಮಾತು.

ಎರಡನೆಯದು ಕಣಜ. ಮನೆಯ ಸೂರಿಗೆ ಕಾಗದದಂಥ ಗೂಡು ಕಟ್ಟುವ ಒಂದು ಕಣಜದ ಮೇಲೆ ರಾಘವೇಂದ್ರ ಗದಗಕರ್ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ಅದರ ರಾಣಿ ಜಗಳಗಂಟಿ ಅಲ್ಲ, ತೀರಾ ಸಾಧು. ಆದರೂ ಬೇರೆ ಯಾರೂ ಮೊಟ್ಟೆ ಇಡುವುದಿಲ್ಲ. ರಾಣಿ ಗೂಡಿನ ಮೇಲೆ ಹೊಟ್ಟೆ ಉಜ್ಜುತ್ತಾ ಓಡಾಡುತ್ತದೆ, ಆ ವಾಸನೆಯೇ ಅದರ ಹಾಜರಿ. ಅವರ ತಂಡ ಗೂಡಿನ ನಡುವೆ ಬಲೆಯ ಪರದೆ ಹಾಕಿತು. ರಾಣಿ ಆ ಕಡೆ ಇದ್ದರೂ, ವಾಸನೆ ಗಾಳಿಯಲ್ಲಿ ಹರಡುವಂಥದ್ದಲ್ಲವಾದ್ದರಿಂದ, ಈ ಕಡೆಯವರು ರಾಣಿ ಸತ್ತೇಹೋಯಿತು ಎಂಬಂತೆ ನಡೆದುಕೊಂಡರು. ಅವರಲ್ಲೇ ಒಂದು ಕಣಜ ಆರ್ಭಟಿಸಿ ಮುಂದಿನ ರಾಣಿಯಾಗಲು ಸಜ್ಜಾಯಿತು.

ಆನೆಯ ಹೆಸರು ಬಂದಿದ್ದರಿಂದ ಇದನ್ನೂ ಹೇಳಬೇಕು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಪಕ್ಕ ನಿಂತಿದ್ದ ಕೇಟಿ ಪೇನ್ ಅವರಿಗೆ ಸದ್ದು ಕೇಳದೇ ಗಾಳಿ ಅದುರಿದಂತಾಯಿತು. ರೆಕಾರ್ಡ್ ಮಾಡಿ ನೋಡಿದರೆ ಆನೆಗಳು ನಿಜಕ್ಕೂ ಮಾತಾಡುತ್ತಿದ್ದವು, ಸುಮಾರು 14ರಿಂದ 24 ಹರ್ಟ್ಸ್ ಕಂಪನದಲ್ಲಿ. ನಮ್ಮ ಕಿವಿ ಸುಮಾರು 20 ಹರ್ಟ್ಸ್‌ಗಿಂತ ಕೆಳಗಿನದನ್ನು ಕೇಳುವುದಿಲ್ಲ. ಇಂಥ ತಗ್ಗಿನ ಸದ್ದು ಮರಗಳ ನಡುವೆಯೂ ಸವೆಯದೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಸಾವಿರಾರು ವರ್ಷ ಆನೆಯನ್ನು ಪಳಗಿಸಿ ಬದುಕಿದ ನಮ್ಮ ನಾಡಿನಲ್ಲಿ ಈ ಮಾತು ನಮ್ಮ ಪಕ್ಕದಲ್ಲೇ ನಡೆಯುತ್ತಿತ್ತು.

ಕೊನೆಗೆ ನಾವೇ ಕೇಳುಗರಾಗಿರುವ ಒಂದು ಕಥೆ. ಬಂಡೀಪುರದ ರಸ್ತೆಯಲ್ಲಿ ಕೋತಿಗಳು ಪ್ರವಾಸಿಗರ ಮುಂದೆ ಕೂತು ಮೆಲುವಾಗಿ ‘ಕೂ’ ಎನ್ನುತ್ತವೆ, ಕೈ ಚಾಚುತ್ತವೆ. ಭಿಕ್ಷೆ ಬೇಡುತ್ತಿದೆ ಎಂದು ನಾವು ನಗುತ್ತೇವೆ. ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ ಮತ್ತು ಅನಿಂದ್ಯ ಸಿನ್ಹಾ ಇದನ್ನು ಗಂಭೀರವಾಗಿ ತೆಗೆದುಕೊಂಡು 2018ರಲ್ಲಿ ಪ್ರಕಟಿಸಿದರು. ಕೋತಿ ಕೈ ಚಾಚುವುದು ಕೈಯಲ್ಲಿ ತಿಂಡಿ ಇರುವವರ ಕಡೆಗೆ. ಚಾಚಿ, ನಮ್ಮ ಪ್ರತಿಕ್ರಿಯೆ ಏನು ಎಂದು ನೋಡುತ್ತದೆ, ಕಾಯುತ್ತದೆ. ಅಂದರೆ ಇದು ಬೇಕೆಂದೇ ಮಾಡುವ ಸನ್ನೆ. ತಮ್ಮ ತಮ್ಮಲ್ಲಿ ಬೇರೆ ಸಂದರ್ಭದಲ್ಲಿ ಬಳಸುತ್ತಿದ್ದ ಸದ್ದನ್ನು ಕಾಡಿನ ಕೋತಿ ನಮ್ಮ ಕಡೆಗೆ ತಿರುಗಿಸಿಕೊಂಡಿದೆ. ನಾವು ತಿಂಡಿ ಎಸೆದೆವು, ಅದು ಹೊಸ ಮಾತು ಕಲಿಯಿತು. ದಯವಿಟ್ಟು ಎಸೆಯಬೇಡಿ. ಆ ಮಾತಿಗೆ ಉತ್ತರ ಕೊಡುತ್ತಾ ಹೋದರೆ ಮರಿಗಳು ಟಾರು ರಸ್ತೆಯ ಅಂಚಿನಲ್ಲೇ ಬೆಳೆಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ.

ಇದನ್ನೆಲ್ಲ ಭಾಷೆ ಎನ್ನಬಹುದಾ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ನಿನ್ನೆಯ ಹುಲಿಯ ಬಗ್ಗೆ ಜಿಂಕೆ ಇವತ್ತು ಹರಟುವುದಿಲ್ಲ. ಜೇನು ಮಾತ್ರ ಕಣ್ಣಿಗೆ ಕಾಣದ ದೂರದ ಹೂವಿನ ಬಗ್ಗೆ ಹೇಳುತ್ತದೆ, ಅದೂ ಕೆಲವೇ ವಿಷಯಕ್ಕೆ. ಮನುಷ್ಯರ ಭಾಷೆಯ ಪಕ್ಕ ಇಟ್ಟು ಅಂಕ ಕೊಡುವುದರಲ್ಲಿ ನನಗೆ ಆಸಕ್ತಿ ಇಲ್ಲ. ಅವುಗಳಿಗೆ ಬೇಕಾದ ಕೆಲಸ ಅವುಗಳ ಮಾತಿನಿಂದ ಆಗುತ್ತಿದೆಯೇ ಎನ್ನುವುದೇ ನನಗೆ ದೊಡ್ಡ ಪ್ರಶ್ನೆ.

ನಾವು ಎಬ್ಬಿಸುವ ಗದ್ದಲ ಆ ಕೆಲಸಕ್ಕೇ ಅಡ್ಡ ಬರುತ್ತಿದೆ. ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳ ಚೇಕಡಿ ಹಕ್ಕಿಗಳು ಎತ್ತರದ ಸ್ವರದಲ್ಲಿ ಹಾಡುವುದು 2003ರಲ್ಲಿ ಪತ್ತೆಯಾಯಿತು. 2020ರ ಲಾಕ್‌ಡೌನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗುಬ್ಬಿ ಜಾತಿ ಮೆಲ್ಲಗೆ ಹಾಡತೊಡಗಿತು, ಆದರೂ ಹಾಡು ಹೆಚ್ಚು ದೂರ ಕೇಳಿಸಿತು. ಹಕ್ಕಿ ಸ್ವರ ಏರಿಸಬಹುದು. ಆನೆಯ ತಗ್ಗಿನ ಸದ್ದು ಲಾರಿ ಎಂಜಿನ್‌ನ ತಗ್ಗಿನ ಸದ್ದಿನ ಜೊತೆಗೇ ಬಂದರೆ ಅದು ಎಲ್ಲಿಗೆ ಹೋಗಬೇಕು?

ಬಂಡೀಪುರ ಹಾದು ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಗಾಡಿಗಳ ಓಡಾಟಕ್ಕೆ ನಿರ್ಬಂಧವಿದೆ. ಅದನ್ನು ತೆಗೆಯಬೇಕು ಎನ್ನುವ ಒತ್ತಾಯ ಆಗಾಗ ಏಳುತ್ತದೆ. ನಿರ್ಬಂಧದ ಪರವಾಗಿ ವಾದಿಸುವವರು ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಬಗ್ಗೆ ಹೇಳುತ್ತಾರೆ, ಅದು ನ್ಯಾಯವೇ. ನಾನು ಅದಕ್ಕೆ ಇನ್ನೊಂದು ಕಾರಣ ಸೇರಿಸುತ್ತೇನೆ. ಕಡವೆ ಕೂಗಿದ್ದು ಜಿಂಕೆಗೆ ಕೇಳಬೇಕು, ಮುಸುವಕ್ಕೆ ಕೇಳಬೇಕು, ಹೊಂಚು ಹಾಕಿದ ಚಿರತೆಗೂ ಕೇಳಬೇಕು. ಮುಂದಿನ ಸಲ ಆ ಚರ್ಚೆ ನಿಮ್ಮ ಊರಿನಲ್ಲಿ, ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಇದನ್ನೂ ಹೇಳಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.